ತೋಪಿನ ಡಬ್ಬಿಯ ಜೋಳ

ಟೊರೊಂಟೊದ ರೆಕ್ಸ್‌ಡೇಲಿನ ಆ ಬೀದಿಯಲ್ಲಿ ಮಲ್ಲವ್ವನ ಮನೆಗೂ ಪಕ್ಕದ ಅಸುಂತಾಳ ಮನೆಗೂ ನಡುವೆ ಇದ್ದದ್ದು ಸೊಂಟದೆತ್ತರದ ಒಂದು ಬೇಲಿ ಮತ್ತು ನೀಲಿ ಅಂಚಿನ ಒಂದು ಬಟ್ಟಲು. ಬೇಲಿ ಇದ್ದಲ್ಲೇ ಇತ್ತು, ಬಟ್ಟಲಿಗೆ ಮಾತ್ರ ಕಾಲು ಬಂದಿದ್ದವು. ಬೇಸಿಗೆಯಲ್ಲಿ ಅದು ಟೊಮ್ಯಾಟೊ ಹೊತ್ತು ಈಚೆ ಬರುತ್ತಿತ್ತು, ಶೇಂಗಾ ಹಿಂಡಿ ಹೊತ್ತು ಆಚೆ ಹೋಗುತ್ತಿತ್ತು. ಚಳಿಗಾಲದಲ್ಲಿ ಬಿಸಿ ಸಾರಿನೊಳಗೆ ಅದೆಂಥದೋ ಹಿಟ್ಟಿನ ಉಂಡೆ ತೇಲಿಸಿಕೊಂಡು ಬಂದದ್ದು, ಹುರಕ್ಕಿ ಹೋಳಿಗೆ ಮುಚ್ಚಿಕೊಂಡು ಹೋಗುತ್ತಿತ್ತು. ಬಟ್ಟಲು ಅಸುಂತಾಳದು. ಆದರೆ ಮಂದಿಯ ಪಾತ್ರೆಯನ್ನು ಬರಿದು ಮಾಡಿ ತಿರುಗಿ ಕೊಡಬಾರದೆಂಬುದನ್ನು ಬೈಲಹೊಂಗಲ ಸೀಮೆಯ ಹೆಣ್ಣುಮಗಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯಲ್ಲಿ ಏನೂ ಇಲ್ಲವೆ, ಒಂದು ಚಮಚ ಸಕ್ಕರೆಯನ್ನಾದರೂ ಹಾಕಿಯೇ ಕೊಡಬೇಕು.

ಅಸುಂತಾಳಿಗೆ ಎಂಬತ್ತು ದಾಟಿ ಎಷ್ಟೋ ವರ್ಷ. ಇಟಲಿಯಿಂದ ಹಡಗು ಹತ್ತಿ ಬಂದವಳು, ಬಂದಾಗ ಎರಡು ಜಡೆಯ ಹುಡುಗಿ. ಮಲ್ಲವ್ವ ಅವಳಿಗಿಂತ ಒಂದು ಹತ್ತು ವರ್ಷ ಸಣ್ಣವಳು, ಗಂಡ ತೀರಿಕೊಂಡ ಮೇಲೆ ಮಗ ಬಸವೇಶನ ಕೂಡೆ ಇರಲು ಬಂದವಳು. ಅಸುಂತಾಳ ಇಂಗ್ಲಿಷು ಅರ್ಧ, ಮಲ್ಲವ್ವನದು ಕಾಲು. ಆದರೆ ಬಾಯಿ ಇಬ್ಬರದೂ ಸುಮ್ಮನಿರುವ ಜಾತಿಯದಲ್ಲ. ಇವಳು ಕನ್ನಡದಲ್ಲಿ ಸೊಸೆಯನ್ನು ಬೈದರೆ ಅವಳು ಇಟಾಲಿಯನ್ನಿನಲ್ಲಿ ಅಳಿಯನನ್ನು ಬೈಯುವಳು, ಇಬ್ಬರಿಗೂ ಸಮಾಧಾನ. ಮಲ್ಲವ್ವ ಅವಳನ್ನು ಅಸುಂತವ್ವ ಎಂದೇ ಕರೆಯುತ್ತಿದ್ದಳು. ಹೆಸರಿನ ಕೊನೆಗೆ ಒಂದು ಅವ್ವ ಇರದಿದ್ದರೆ ಹಿರಿಯಳನ್ನು ಕೂಗುವುದಕ್ಕೆ ಅವಳಿಗೆ ನಾಲಗೆಯೇ ಏಳುತ್ತಿರಲಿಲ್ಲ.

ಇನ್ನು ಆ ಡಬ್ಬಿಯ ಮಾತು. ಮಲ್ಲವ್ವನ ದೇವರ ಗೂಡಿನಲ್ಲಿ ಲಿಂಗದ ಕರಡಿಗೆ, ವಿಭೂತಿ ಗಟ್ಟಿಗಳ ಪಕ್ಕಕ್ಕೆ ಮೊಳದುದ್ದದ ಒಂದು ಹಿತ್ತಾಳೆ ಡಬ್ಬಿ ನಿಂತಿತ್ತು. ಡಬ್ಬಿ ಎಂದರೆ ಡಬ್ಬಿಯಲ್ಲ, ತೋಪಿನ ಗುಂಡಿನ ಖಾಲಿ ಚಿಪ್ಪು, ಊರ ಕಂಚುಗಾರ ಅದಕ್ಕೊಂದು ಮುಚ್ಚಳ ಬಡಿದು ಕೊಟ್ಟಿದ್ದ. ಅವಳ ಅಪ್ಪ ಶಿವಲಿಂಗಪ್ಪ ಹಿಟ್ಲರನ ಯುದ್ಧದಲ್ಲಿ ಇಂಗ್ಲಿಷರ ದಂಡಿನಲ್ಲಿ ಸಿಪಾಯಿಯಾಗಿ ಸಮುದ್ರದಾಚೆ ಹೋಗಿ ಬದುಕಿ ಬಂದಾಗ ಇದನ್ನು ಹೆಗಲ ಮೇಲೆ ಹೊತ್ತು ಬಂದಿದ್ದ. ಒಳಗೆ ಖಣದಲ್ಲಿ ಸುತ್ತಿಟ್ಟ ಒಂದು ತೊಗಲಿನ ಹಾಳೆ, ಅದರ ತುಂಬ ಇರುವೆ ಸಾಲಿನಂಥ ಅಕ್ಷರ, ಕೆಳಗೆ ಅರ್ಧ ಮುರಿದ ಕೆಂಪು ಅರಗಿನ ಮುದ್ರೆ. ಒಂದು ಮೂಲೆ ಸುಟ್ಟು ಕರ್ರಗಾಗಿತ್ತು. "ನಿಮ್ಮಪ್ಪನ ಶೌರ್ಯ ನೋಡಿ ಸರ್ಕಾರ ಕೊಟ್ಟ ಸನ್ನದು ಇದು" ಎಂದು ತಾಯಿ ಪಾರ್ವತೆವ್ವ ಹೇಳಿದ್ದಳು. ತಾಯಿ ಹೇಳಿದ್ದನ್ನು ಮಲ್ಲವ್ವ ಗಂಡನ ಮನೆಯಲ್ಲಿ ಹೇಳಿದಳು, ಅಲ್ಲಿಂದ ಟೊರೊಂಟೊದ ಕನ್ನಡ ಸಂಘದ ಊಟದ ಪಂಕ್ತಿಯಲ್ಲೂ ಹೇಳಿದಳು. ಹೇಳುವಾಗಲೆಲ್ಲ ಅವಳ ಬೆನ್ನು ನೆಟ್ಟಗಾಗುತ್ತಿತ್ತು.

ವರ್ಷಕ್ಕೊಮ್ಮೆ ಮಹಾನವಮಿಯ ದಿನ ಡಬ್ಬಿ ಗೂಡಿನಿಂದ ಇಳಿಯುವುದು. ಹಾಳೆ ಬಿಡಿಸಿ ಗಾಳಿಗೆ ಹಿಡಿಯುವುದು, ಡಬ್ಬಿಯ ತಳದಲ್ಲಿದ್ದ ಜೋಳದ ಸಣ್ಣ ಗಂಟು ತೆಗೆದು ಹಕ್ಕಿಗೆ ಚೆಲ್ಲುವುದು, ಹೊಸ ಜೋಳ ಒಂದು ಹಿಡಿ ಬಿಳೇ ಅರಿವೆಯಲ್ಲಿ ಕಟ್ಟಿ ಹಾಕುವುದು. ಅಪ್ಪ ಮಾಡುತ್ತಿದ್ದ, ಮಲ್ಲವ್ವನೂ ಮಾಡುತ್ತ ಬಂದಳು. ಮನೆಯಲ್ಲಿ ಕಾಳಿಗೆ ಬರ ಬಾರದಿರಲಿ ಎಂದು ಇರಬೇಕೆಂದು ತಿಳಿದಿದ್ದಳು.

ಆ ವರ್ಷದ ಮಹಾನವಮಿಗೆ ಮೊಮ್ಮಗಳು ಇಂಚರಾ ಯೂನಿವರ್ಸಿಟಿಯಿಂದ ಮನೆಗೆ ಬಂದಿದ್ದಳು. ಅಜ್ಜಿ ಮೊಮ್ಮಗಳು ಊಟದ ಮೇಜಿನ ಮೇಲೆ ಒಗೆದ ಧೋತರ ಹಾಸಿ ಹಾಳೆಯನ್ನು ಬಿಡಿಸಿದ್ದರು. ಅಷ್ಟರಲ್ಲಿ ಹಿಂಬಾಗಿಲಿನಿಂದ ಅಸುಂತಾ ಬಂದಳು. ಇಬ್ಬನಿ ಹೆಪ್ಪುಗಟ್ಟುತ್ತದೆಂದು ಟಿ.ವಿ.ಯಲ್ಲಿ ಹೇಳಿದ್ದರಿಂದ ಗಿಡದಲ್ಲಿದ್ದ ಕಾಯಿ ಟೊಮ್ಯಾಟೊವನ್ನೆಲ್ಲ ಹರಿದು ಬಟ್ಟಲಿಗೆ ತುಂಬಿ ತಂದಿದ್ದಳು. "ಈಟ್, ಈಟ್" ಎನ್ನುತ್ತ ಬಂದವಳ ಕಣ್ಣು ಮೇಜಿನ ಮೇಲಿನ ಹಾಳೆಗೆ ಬಿತ್ತು.

ಕನ್ನಡಕ ಹಾಕಿಕೊಂಡಳು. ಬೆರಳನ್ನು ಹಾಳೆಗೆ ತಾಗಿಸದೆ, ಒಂದಂಗುಲ ಮೇಲೆಯೇ ಸಾಲಿನಿಂದ ಸಾಲಿಗೆ ಸರಿಸಿದಳು. ಅರ್ಧ ಓದಿದಳು, ಅರ್ಧ ಚರ್ಚಿನ ಲ್ಯಾಟಿನ್ ಪ್ರಾರ್ಥನೆಯಲ್ಲಿ ಕೇಳಿದ ಮಾತುಗಳಿಂದ ಊಹಿಸಿದಳು. ಆಮೇಲೆ ಎದೆಯ ಮೇಲೆ ಶಿಲುಬೆ ಬರೆದುಕೊಂಡು ಕುರ್ಚಿಯ ಮೇಲೆ ಕೂತುಬಿಟ್ಟಳು. ಕಣ್ಣಲ್ಲಿ ನೀರು.

"ಮೊಂತೆಲಾರ್ಗೊ" ಎಂದಳು.

"ಏನಂತಾಳಲೇ ಈಕಿ?" ಎಂದು ಮಲ್ಲವ್ವ ಮೊಮ್ಮಗಳ ಮೋರೆ ನೋಡಿದಳು.

ಇಂಚರಾ ಅಸುಂತಾಳ ಮುರುಕು ಇಂಗ್ಲಿಷನ್ನು ತನ್ನ ಮುರುಕು ಕನ್ನಡಕ್ಕೆ ತಿರುಗಿಸುತ್ತ ಹೋದಳು. "ಆಯಿ, ಇದು ಬ್ರಿಟಿಷ್ ಕಿಂಗ್ ಕೊಟ್ಟಿದ್ದು ಅಲ್ಲ. ಇದು ಒಂದು ಟೌನ್‌ದು. ಇಟಲಿಯಾಗ ಬೆಟ್ಟದ ಮ್ಯಾಲಿನ ಊರು. ಸೆವೆನ್ ಹಂಡ್ರೆಡ್ ಇಯರ್ಸ್ ಹಿಂದ ಅಲ್ಲಿ ದೊರೆ ಬರದು ಕೊಟ್ಟಾನ. ಊರಿನ ಬುಗ್ಗಿ ನೀರು, ಕಾಡಿನ ಚೆಸ್ಟ್‌ನಟ್ ಕಾಯಿ ಎಲ್ಲಾ ಊರಿನ ಮಂದೀದು, ಯಾರೂ ಕಸಗೊಳ್ಳಂಗಿಲ್ಲ ಅಂತ. ಲೈಕ್, ಅವರ ಟೌನ್ ಸರ್ಕಾರನೇ ಇದರ ಮ್ಯಾಲೆ ನಿಂತಿತ್ತು."

ಅಸುಂತಾ ಆ ಊರಿನವಳಲ್ಲ, ಅದರ ಹೆಸರು ಕೇಳಿದ್ದಳಷ್ಟೇ. ಅವಳದು ಇನ್ನೂ ತೆಂಕಣದ ಹಳ್ಳಿ. ಅಲ್ಲಿ ಯುದ್ಧದ ಬೆಂಕಿ ಪಂಚಾಯಿತಿ ಕಚೇರಿಯನ್ನು ಕಾಗದಪತ್ರಗಳ ಸಮೇತ ನುಂಗಿತ್ತು. ಹಡಗು ಹತ್ತುವಾಗ ತಾನು ಹುಟ್ಟಿದ್ದೇನೆ ಎಂದು ತೋರಿಸಲು ಅವಳ ಬಳಿ ಒಂದು ಚೀಟಿಯೂ ಇರಲಿಲ್ಲ, ಪಾದ್ರಿ ಅಂದಾಜಿನ ಮೇಲೆ ಒಂದು ತಾರೀಖು ಬರೆದುಕೊಟ್ಟಿದ್ದ. "ಅವರ್ಸ್, ಆಲ್ ಬರ್ನ್" ಎಂದಳು ಅಸುಂತಾ, ಹಾಳೆಯ ಸುಟ್ಟ ಮೂಲೆ ತೋರಿಸಿ. "ದಿಸ್ ಒನ್, ಲಿವ್."

ಇಂಚರಾ ಅಷ್ಟಕ್ಕೇ ಬಿಡಬಾರದಿತ್ತೇ? ಈಗಿನ ಮಕ್ಕಳು, ಕೈಯಲ್ಲಿ ಫೋನು. ಆ ಊರಿನ ಹೆಸರು ಹಾಕಿ ಹುಡುಕಿಯೇಬಿಟ್ಟಳು. ಊರಿನ ಪಂಚಾಯಿತಿಯವರದೇ ಪುಟ ಸಿಕ್ಕಿತು. ಅದರಲ್ಲೊಂದು ಚಿತ್ರ: ಗೋಡೆಯ ಮೇಲೆ ಗಾಜಿನ ಚೌಕಟ್ಟು, ಒಳಗೆ ಏನೂ ಇಲ್ಲ. ಕೆಳಗೆ ಬರೆದದ್ದನ್ನು ಹುಡುಗಿ ಫೋನಿನಲ್ಲೇ ಇಂಗ್ಲಿಷಿಗೆ ತಿರುಗಿಸಿಕೊಂಡು ಗಟ್ಟಿಯಾಗಿ ಓದಿದಳು. ಯುದ್ಧದ ಕಾಲದಲ್ಲಿ ಬ್ರಿಟಿಷ್ ದಂಡಿನ ಹಿಂದೂಸ್ತಾನಿ ಸಿಪಾಯಿಗಳು ಲೂಟಿ ಮಾಡಿದರು, ಎಂದಿತ್ತು ಅಲ್ಲಿ. "ಲೂಟೆಡ್" ಎಂಬ ಆ ಒಂದು ಮಾತಿಗೆ ಮಲ್ಲವ್ವನಿಗೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ.

ಅವಳು ಹಾಳೆ ಸುತ್ತಿದಳು, ಖಣ ಸುತ್ತಿದಳು, ಜೋಳದ ಗಂಟಿನ ಸಮೇತ ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು. ಅಸುಂತಾ ಏನೋ ಹೇಳಲು ಬಾಯಿ ತೆರೆದಾಗ, "ಸಾಕ ನಡೀಯವ್ವಾ, ಹಬ್ಬದ ದಿನ ಬಂದು ಒಳ್ಳೇ ಸುದ್ದಿ ಹೇಳಿದಿ" ಎಂದಳು. ಆ ಮಾತಿನ ಉರಿಗೆ ತರ್ಜುಮೆ ಬೇಕೆ? ಮುದುಕಿ ಎದ್ದು ಹೋದಳು.

ಸಂಜೆ ಬಸವೇಶ ಮಿಲ್ಟನ್ ಊರಿನ ಗೋದಾಮಿನ ಶಿಫ್ಟು ಮುಗಿಸಿ ಬಂದ. ಸಂಗತಿ ಕೇಳಿ, ಬೂಟು ಬಿಚ್ಚುತ್ತಲೇ ನಕ್ಕ. "ಅವ್ವಾ, ಕುಂಬಳಕಾಯಿ ಕಳ್ಳ ಅಂದ್ರ ನೀ ಯಾಕ ಹೆಗಲ ಮುಟ್ಟಿ ನೋಡ್ಕೋತಿ? ಯಾರ ಕೇಳ್ಯಾರ ನಿನ್ನ? ಸುಮ್ಮನ ಗೂಡಿನಾಗ ಇಡು."

"ಬಟ್ ಡ್ಯಾಡ್, ಇಟ್ಸ್ ದೇರ್ಸ್" ಎಂದಳು ಇಂಚರಾ. "ಆಯಿ, ನಾನು ಅವರಿಗೆ ಈಮೇಲ್ ಮಾಡ್ಲಾ?"

"ಮಾಡಿದ್ರ ನನ್ನ ಹೆಣಾ ನೋಡ್ತಿ!" ಎಂದಳು ಮಲ್ಲವ್ವ. ಹುಡುಗಿ ಬೆಚ್ಚಿಬಿದ್ದಳು. ಆಡಿದ್ದು ಹೆಚ್ಚಾಯಿತೆಂದು ಮಲ್ಲವ್ವನಿಗೂ ಅನಿಸಿತು, ಆದರೆ ಮಾತು ಹಿಂದಕ್ಕೆ ಬರಲಿಲ್ಲ. "ಇಷ್ಟು ವರ್ಷ ಸನ್ನದು, ಸನ್ನದು ಅಂತ ಊರ ತುಂಬ ಹೇಳ್ಕೊಂಡ ಬಂದೆ. ಈಗ ಇದನ್ನ ಅವರ ಕೈಯಾಗ ಕೊಟ್ಟರ, ನಮ್ಮಪ್ಪ ಕಳ್ಳ ಅಂತ ನಾನ ಹೆಬ್ಬಟ್ಟು ಒತ್ತಿದಂಗ ಆಗೂದಿಲ್ಲೇನ? ಆತ ಇಲ್ಲ, ಬಂದು ಹೇಳಾಕ. ನಾ ಒಬ್ಬಾಕೀನ ಇದ್ದೇನಿ ಆತನ ಕಡಿ."

ಹಾಗೆ ಅಂದಳೇ ವಿನಾ, ಪೂಜೆಗೆ ಕೂತರೆ ಕಣ್ಣು ಡಬ್ಬಿಯ ಕಡೆ. ಅಪ್ಪ ಆ ಊರಿಗೆ ನುಗ್ಗಿ, ಬಾಗಿಲು ಒದ್ದು, ಗೋಡೆಯಿಂದ ಕಿತ್ತುಕೊಂಡು ಬಂದಿರಬಹುದೇ? ಇರುವೆಗೂ ದಾರಿ ಬಿಟ್ಟು ಕಾಲಿಡುತ್ತಿದ್ದ ಅಪ್ಪ? ಆದರೆ ಯುದ್ಧ ಅಂದರೆ ಯುದ್ಧ, ಅಲ್ಲಿ ಯಾರು ಏನಾಗಿದ್ದರೋ ಯಾರು ಕಂಡಿದ್ದಾರೆ. ಅಪ್ಪನ ಮುಖವನ್ನು ನೆನೆಸಿಕೊಳ್ಳಲೂ ಅವಳಿಗೆ ಅಂಜಿಕೆಯಾಗತೊಡಗಿತು. ತಂದೆಯ ಮೇಲೆ ಸಂಶಯಪಟ್ಟ ಪಾಪ ಬೇರೆ.

ಇತ್ತ ಬಟ್ಟಲು ಅಡಿಗೆಮನೆಯ ಕಟ್ಟೆಯ ಮೇಲೆ ತೊಳೆದು ಬೋರಲು ಹಾಕಿದಂತೆಯೇ ಇತ್ತು. ಕಾಯಿ ಟೊಮ್ಯಾಟೊವನ್ನು ಸೊಸೆ ನೀಲಾಂಬಿಕಾ ಚಟ್ನಿ ಮಾಡಿ ಮುಗಿಸಿದ್ದಳು. ಬೇಲಿಯಾಚೆ ಅಸುಂತಾ ಬೆಳ್ಳುಳ್ಳಿ ನೆಡಲು ಮಡಿ ಕೆದರುತ್ತ ಆಗಾಗ ಈ ಕಿಟಕಿಯ ಕಡೆ ನೋಡುವಳು. ಮಲ್ಲವ್ವ ಪರದೆ ಎಳೆಯುವಳು. ಬಟ್ಟಲು ಇಷ್ಟು ದಿನ ಒಂದೇ ಕಡೆ ಕೂತದ್ದು ಅದೇ ಮೊದಲು.

ಮೊದಲ ಹಿಮ ಬಿದ್ದ ಬೆಳಿಗ್ಗೆ ನೀಲಾಂಬಿಕಾ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ಹೇಳಿದಳು. "ಅತ್ತಿ, ಬಾಜೂ ಮನಿ ಅಜ್ಜಿಗೆ ಮೈಯಾಗ ಆರಾಮಿಲ್ಲಂತರಿ. ಮಗಳು ನಿನ್ನೆ ಔಷಧ ಕೊಟ್ಟು ಹ್ವಾದ್ಲು. ಸಿಟ್ಟು ನಿಮ್ಮದು ನಿಮಗಿರಲಿ, ಬಟ್ಟಲಾ ಆದ್ರೂ ಕೊಟ್ಟು ಬರ್ರಿ."

ಮಲ್ಲವ್ವ ಬಟ್ಟಲು ಎತ್ತಿಕೊಂಡಳು. ಹಿಂಡಿಯ ಡಬ್ಬಿ ತೆರೆದರೆ ತಳ ಕಾಣುತ್ತಿತ್ತು. ಹಬ್ಬದ ಉಂಡೆ ಯಾವಾಗಲೋ ಮುಗಿದಿದ್ದವು. ಸಕ್ಕರೆ ಹಾಕೋಣವೆಂದರೆ ಆ ಮುದುಕಿಗೆ ಸಕ್ಕರೆ ಕಾಯಿಲೆ. ಅತ್ತ ಇತ್ತ ನೋಡಿದಳು, ಇಂಡಿಯನ್ ಸ್ಟೋರಿನಿಂದ ತಂದ ಜೋಳದ ಚೀಲ ಕಂಡಿತು. ಬರಿದಾಗಿ ಕೊಡುವುದಕ್ಕಿಂತ ಇದೇ ಸೈ ಎಂದು ಬೊಗಸೆ ಜೋಳ ತೆಗೆದು ಬಟ್ಟಲಿಗೆ ಸುರಿದಳು.

ಸುರಿದ ಕೈ ಅಲ್ಲೇ ನಿಂತಿತು.

ಮಂದಿಯ ಬಟ್ಟಲಲ್ಲಿ ಬಿಳೇ ಜೋಳ. ಅದನ್ನೇ ನೋಡುತ್ತ ನಿಂತವಳಿಗೆ ಅಪ್ಪನ ಕೈ ಕಂಡಿತು. ಮಹಾನವಮಿಯ ಬಿಸಿಲು, ಪಡಸಾಲೆ, ಡಬ್ಬಿಯ ಬಾಯಿಗೆ ಜೋಳದ ಗಂಟು ಇಳಿಬಿಡುತ್ತಿದ್ದ ಆ ಒರಟು ಕೈ. "ಯಪ್ಪಾ, ಯಾಕ ಹಾಕ್ತಿ?" ಎಂದು ಲಂಗದ ಹುಡುಗಿ ಕೇಳಿದ್ದಳು. "ಖಾಲಿ ಇರಬಾರದವಾ" ಎಂದಿದ್ದ ಅಪ್ಪ. ಅಷ್ಟೇ ಅಂದಿದ್ದ. ಯಾರ ಮನೆಯ ಪಾತ್ರೆಗೆ ಹಾಗೆ ಕಾಳು ಹಾಕಿಡುತ್ತಾರೆ? ತಮ್ಮ ಮನೆಯ ಡಬ್ಬಿ ಖಾಲಿಯಾದರೆ ಖಾಲಿ, ಅದಕ್ಕೆ ಯಾವ ಶಾಸ್ತ್ರವೂ ಇಲ್ಲ. ತಿರುಗಿ ಕೊಡಬೇಕಾದ ಪಾತ್ರೆಗೇ ಆ ಶಾಸ್ತ್ರ!

"ಅಯ್ಯೋ ನನ್ನಪ್ಪಾ" ಎಂದು ಮಲ್ಲವ್ವ ಅಡಿಗೆಮನೆಯ ನೆಲದ ಮೇಲೆ ಕೂತಳು.

ಒಂದರ ಬಾಲ ಹಿಡಿದು ಇನ್ನೊಂದು ಬಂತು. ಅವಳು ಸಣ್ಣವಳಿದ್ದಾಗ ಅಪ್ಪ ಒಮ್ಮೆ ಅವಳನ್ನು ಬಸ್ಸಿನಲ್ಲಿ ಬೆಳಗಾವಿಗೆ ಕರೆದೊಯ್ದಿದ್ದ. ಟವೆಲಿನಲ್ಲಿ ಸುತ್ತಿದ ಡಬ್ಬಿ ಹೆಗಲ ಮೇಲಿತ್ತು. ಕ್ಯಾಂಪಿನ ದಂಡಿನ ಕಚೇರಿಯ ಮುಂದೆ ಬಹಳ ಹೊತ್ತು ಬಿಸಿಲಲ್ಲಿ ನಿಂತರು. ಮೀಸೆಯ ಸಾಹೇಬನೊಬ್ಬ ಹೊರಗೆ ಬಂದು, ಹಾಳೆ ನೋಡಿ, ನಕ್ಕು, "ಇಟ್ಕೊಳ್ಳಪ್ಪಾ, ಇನ್ನ ಯಾರ ಕೇಳ್ತಾರ ಇದನ್ನ" ಎಂದು ಕೈ ಬೀಸಿ ಒಳಗೆ ಹೋದ. ಅಪ್ಪ ಅವಳಿಗೆ ಕುಂದಾ ಕೊಡಿಸಿದ, ತಾನು ತಿನ್ನಲಿಲ್ಲ. ಮನೆಗೆ ಬಂದು ಆ ಹುಡುಗಿಯೇ ಅವ್ವನ ಮುಂದೆ ಒದರಿದ್ದಳು, "ಸಾಹೇಬ್ರು ಅಪ್ಪಗ ಇಟ್ಕೋ ಅಂದ್ರು!" ಅವ್ವನ ಬಾಯಲ್ಲಿ ಅದು ಇನಾಮಾಯಿತು, ಇನಾಮು ಸನ್ನದಾಯಿತು. ಅವ್ವ ಆ ಮಾತು ತೆಗೆದಾಗೆಲ್ಲ ಅಪ್ಪ ಎದ್ದು ಹೊರಗೆ ಹೋಗುತ್ತಿದ್ದ. ನಾಚಿಕೆಯ ಮನುಷ್ಯ, ಹೊಗಳಿಕೆ ತಡೆಯಲಾರ, ಅಂದುಕೊಂಡಿದ್ದರು ಎಲ್ಲರೂ.

ಓದು ಬಾರದ ಸಿಪಾಯಿ. ಮೂಲೆ ಸುಟ್ಟದ್ದು ನೋಡಿದರೆ ಉರಿಯುವ ಮನೆಯಿಂದ ಎತ್ತಿಕೊಂಡಿರಬೇಕು, ಆದರೆ ಹಾಳೆ ಯಾವ ಊರಿನದೆಂದು ಯಾರನ್ನು ಕೇಳಬೇಕು? ಕೇಳಿದ. ನಕ್ಕರು. ಸಾಯುವ ವರ್ಷವೂ ಹೊಸ ಜೋಳ ಹಾಕಿ ಕಾದ. ಮಲ್ಲವ್ವ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಕಳ್ಳ ಕದ್ದ ಮಾಲಿನ ಜೊತೆ ಕಾಳು ಕಟ್ಟಿಡುವುದಿಲ್ಲ. ಅವಳಿಗೆ ಅಷ್ಟು ಸಾಕ್ಷಿ ಸಾಕಿತ್ತು.

ಜೋಳದ ಬಟ್ಟಲು ಹಿಡಿದು, ಬರೀ ಚಪ್ಪಲಿಯಲ್ಲಿ, ಹಿಮ ತುಳಿದು ಅಸುಂತಾಳ ಮನೆಗೆ ಹೋದಳು. ಮುದುಕಿ ಕಂಬಳಿ ಹೊದ್ದು ಸೋಫಾದ ಮೇಲಿದ್ದಳು. ಮಲ್ಲವ್ವ ಅವಳ ಕಾಲ ಬಳಿ ಕೂತು ಬೈಲಹೊಂಗಲದ ಕನ್ನಡದಲ್ಲೇ ಎಲ್ಲ ಹೇಳಿದಳು, ಡಬ್ಬಿಗೆ ಜೋಳ ಹಾಕುವುದನ್ನು ಕೈಯಿಂದ ಮಾಡಿ ತೋರಿಸಿದಳು, ಬಟ್ಟಲು ತೋರಿಸಿದಳು, ಮತ್ತೆ ಅತ್ತಳು. ಅಸುಂತಾ ಬಟ್ಟಲು ನೋಡಿದಳು. ವರ್ಷಾನುಗಟ್ಟಲೆ ಒಮ್ಮೆಯೂ ಬರಿದಾಗಿ ಬರದ ಬಟ್ಟಲು. "ಯುವರ್ ಪಾಪಾ" ಎಂದಳು ಮೆಲ್ಲಗೆ, "ಸೇಮ್ ಲೈಕ್ ಯೂ." ಆಮೇಲೆ ಇವಳ ಒದ್ದೆ ಕಾಲು ಕಂಡು, ಕೆಮ್ಮುತ್ತಲೇ ಬೈಯುತ್ತ, ತನ್ನ ಉಣ್ಣೆಯ ಕಾಲುಚೀಲ ತೊಡಿಸಿದಳು.

ಅಂದೇ ಮಲ್ಲವ್ವ ಮೊಮ್ಮಗಳಿಗೆ ಫೋನು ಮಾಡಿದಳು. "ನನ್ನ ಬಂಗಾರಾ, ಅವತ್ತ ಕೆಟ್ಟ ಮಾತು ಆಡಿದೆ, ಮನಸಿನ್ಯಾಗ ಇಟ್ಕೋಬ್ಯಾಡ. ಬರಿ ಆ ಊರಿನವರಿಗೆ. ನಿಮ್ಮ ವಸ್ತು ನಮ್ಮ ಕಡಿ ಹುಷಾರೈತಿ, ಬಂದು ಒಯ್ರಿ ಅಂತ ಬರಿ."

ಬೇಸಿಗೆಯ ಹೊತ್ತಿಗೆ ಮೊಂತೆಲಾರ್ಗೊದಿಂದ ಕತೆರೀನಾ ಎಂಬ ಹೆಣ್ಣುಮಗಳು ಬಂದಳು, ಆ ಊರಿನ ದಫ್ತರ ನೋಡಿಕೊಳ್ಳುವವಳು. ಕೈಗೆ ಬಿಳೇ ಗವಸು, ಬಗಲಲ್ಲಿ ಚಪ್ಪಟೆಯ ಪೆಟ್ಟಿಗೆ. ಹಾಳೆ ಬಿಡಿಸಿದವಳು ಸುಟ್ಟ ಮೂಲೆಯನ್ನು ಕೂಸಿನ ತಲೆ ಸವರಿದಂತೆ ಸವರಿದಳು, ಅದನ್ನು ಕಂಡು ಮಲ್ಲವ್ವನ ಮನಸ್ಸು ತಣ್ಣಗಾಯಿತು. ಹಾಳೆ ಪೆಟ್ಟಿಗೆಗೆ ಹೋಯಿತು. ಮಲ್ಲವ್ವ ಜೋಳದ ಗಂಟಿನ ಸಮೇತ ಡಬ್ಬಿಯನ್ನೂ ಮುಂದೆ ಸರಿಸಿದಳು.

ಕತೆರೀನಾ ಗಂಟು ಬಿಚ್ಚಿ ನೋಡಿ ತಲೆಯಾಡಿಸಿದಳು. ಬಿತ್ತುವಂಥ ಕಾಳನ್ನು ದೇಶದ ಗಡಿ ದಾಟಿಸಲು ಬಿಡುವುದಿಲ್ಲವಂತೆ, ವಿಮಾನ ನಿಲ್ದಾಣದಲ್ಲಿ ಕಸಿದುಕೊಳ್ಳುತ್ತಾರಂತೆ. ಇಂಚರಾ ಅದನ್ನು ಕನ್ನಡಕ್ಕೆ ತಿರುಗಿಸಿದಳು.

"ಖಾಲಿ ಕೊಡಾಂಗಿಲ್ಲ ನಾ" ಎಂದಳು ಮಲ್ಲವ್ವ. "ನಮ್ಮಪ್ಪ ಜೀವಮಾನ ಕಾದಾನ."

"ಅವ್ವಾ, ಅದು ಅಲ್ಲಿ ಕಾಯ್ದೆ..." ಎಂದು ಬಸವೇಶ ಶುರುಮಾಡಿದ. ಅಷ್ಟರಲ್ಲಿ ಅಸುಂತಾ ಎದ್ದು ನಿಂತು ಕತೆರೀನಾಳಿಗೆ ಇಟಾಲಿಯನ್ನಿನಲ್ಲಿ ಒಂದು ಉಸಿರಿಗೆ ಏನೇನೋ ಸುರಿದಳು. ಬೈದಳೋ, ಕತೆ ಹೇಳಿದಳೋ, ಎರಡೂ ಇರಬೇಕು. ಕೇಳುತ್ತ ಕೇಳುತ್ತ ಆ ಹುಡುಗಿ ಗವಸು ಕಳಚಿ ಕಣ್ಣು ಒರೆಸಿಕೊಂಡಳು. ಆದರೂ ಕಾಯ್ದೆ ಕಾಯ್ದೆಯೇ, ಅವಳಾದರೂ ಏನು ಮಾಡಿಯಾಳು?

ಮಲ್ಲವ್ವ ಒಂದು ಗಳಿಗೆ ವಿಚಾರ ಮಾಡಿದಳು. "ಬಿತ್ತಿದ್ರ ಮೊಳೀತೈತಿ ಅಂತ ಅಂಜಿಕೀನಾ? ಹಂಗಾದ್ರ ಮೊಳೀದಂಗ ಮಾಡಿ ಕೊಡ್ತೇನ, ತಡೀರಿ."

ಕಬ್ಬಿಣದ ಹಂಚು ಒಲೆಗೇರಿತು. ಕಾದ ಹಂಚಿಗೆ ಜೋಳ ಬಿದ್ದು, ಮೇಲೆ ಅರಿವೆಯ ಸಿಂಬೆ ಆಡಿದ್ದೇ ತಡ, ಪಟಪಟ ಅರಳತೊಡಗಿದವು. ಪಂಚಮಿ ಹಬ್ಬಕ್ಕೆ ಊರಲ್ಲಿ ಹುರಿಯುವ ಅಳ್ಳು! ಹೊಗೆಗೆ ಮನೆಯ ಅಲಾರಾಂ ಹೊಡಕೊಂಡಿತು, ಬಸವೇಶ ಟವೆಲು ಬೀಸುತ್ತ ಓಡಿದ, ಅಸುಂತಾ ಒಂದು ಹಿಡಿ ಬಾಯಿಗೆ ಹಾಕಿ "ಪಾಪ್‌ಕಾರ್ನ್!" ಎಂದಳು. ಎಲ್ಲರೂ ನಕ್ಕರು, ಮಲ್ಲವ್ವನೂ. ಬಿಸಿ ಅಳ್ಳು ಆರಿಸಿ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ವಿಭೂತಿ ಹಚ್ಚಿ, ಎರಡೂ ಕೈಯಿಂದ ಕೊಟ್ಟಳು. "ತಡಾ ಆತು. ಸಿಟ್ಟಾಗಬ್ಯಾಡ್ರಿ ಅಂತ ಹೇಳು ಇಂಚರಾ."

ಗೂಡಿನಲ್ಲಿ ಡಬ್ಬಿ ಇದ್ದ ಜಾಗ ಬೋಳಾಯಿತು. ದಿನಾ ಪೂಜೆಗೆ ಕೂತಾಗ ಅಲ್ಲಿ ಕೈ ಹೋಗಿ ಹಿಂದೆ ಬರುತ್ತಿತ್ತು. ಕೊಟ್ಟದ್ದಕ್ಕೆ ವ್ಯಥೆಯಿರಲಿಲ್ಲ, ಆದರೆ ಅಪ್ಪ ಇನ್ನೊಮ್ಮೆ ತೀರಿಕೊಂಡಂತೆ ಅನಿಸುತ್ತಿತ್ತು, ಅದನ್ನು ಯಾರಿಗೂ ಹೇಳಲಿಲ್ಲ.

ಮುಂದಿನ ಮಹಾನವಮಿ ಹತ್ತಿರ ಬಂದಾಗ ಇಟಲಿಯಿಂದ ಒಂದು ಪಾರ್ಸಲ್ಲು ಬಂತು. ಬಿಚ್ಚಿದರೆ ಅದೇ ಹಿತ್ತಾಳೆ ಡಬ್ಬಿ, ಬೆಳಗಿ ಥಳಥಳ ಮಾಡಿದ್ದರು. ಮಲ್ಲವ್ವ ಮುಚ್ಚಳ ತೆಗೆದಳು. ಬಾಯಿಮಟ ತುಂಬಿ ಒಣಗಿಸಿದ ಚೆಸ್ಟ್‌ನಟ್ಟು, ಆ ಹಾಳೆಯಲ್ಲಿ ಬರೆದಿದ್ದ ಕಾಡಿನವೇ. ಹಾಳೆ ಊರಿನದು, ಡಬ್ಬಿ ನಿಮ್ಮಪ್ಪನದು ಎಂದು ಹೇಳಿ ಕಳಿಸಿದ್ದರು. ಜೊತೆಗೊಂದು ಫೋಟೊ: ಗೋಡೆಯ ಗಾಜಿನೊಳಗೆ ಹಾಳೆ, ಅದರ ಪಕ್ಕ ಸಣ್ಣ ಬಟ್ಟಲಲ್ಲಿ ಬಿಳೇ ಅಳ್ಳು, ಕೆಳಗೆ ಹೊಸ ಫಲಕ. ಅಸುಂತಾಳನ್ನು ಕರೆಸಿದರು. ಅವಳು ಕನ್ನಡಕ ಹಾಕಿಕೊಂಡು ಫಲಕದ ಮೇಲಿನ ಹೆಸರನ್ನು ತಡವರಿಸುತ್ತ ಓದಿದಳು, "ಶಿ-ವ-ಲಿಂ-ಗಪ್ಪಾ." ಮುಂದಿನ ಮಾತುಗಳನ್ನು ಇಂಚರಾ ಹೇಳಿದಳು. "ಸಿಪಾಯಿ ಶಿವಲಿಂಗಪ್ಪ ಬೆಂಕಿಯಿಂದ ತೆಗೆದು, ನಮಗಾಗಿ ಕಾಯ್ದಿಟ್ಟರು, ಅಂತ ಬರ್ದಾರ ಆಯಿ."

ಮಲ್ಲವ್ವ ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ ಎದ್ದು ಚೆಸ್ಟ್‌ನಟ್ಟಿನಲ್ಲಿ ಅರ್ಧವನ್ನು ನೀಲಿ ಅಂಚಿನ ಬಟ್ಟಲಿಗೆ ಸುರಿದು ಅಸುಂತಾಳ ಮುಂದಿಟ್ಟಳು, ಅರ್ಧವನ್ನು ಮನೆಯವರಿಗೆ ಹಂಚಿದಳು.

ಮಹಾನವಮಿಯ ಬೆಳಿಗ್ಗೆ ಇಂಚರಾ ಡಬ್ಬಿಯನ್ನು ಗೂಡಿನಿಂದ ಇಳಿಸಿ, ಒಂದು ಹಿಡಿ ಜೋಳ ಬಿಳೇ ಅರಿವೆಯಲ್ಲಿ ಕಟ್ಟಿ ತಂದಳು. "ಆಯಿ, ಹಾಕ್ಲಾ?"

"ಬ್ಯಾಡವಾ" ಎಂದಳು ಮಲ್ಲವ್ವ. "ಇನ್ನ ಅದು ನಮ್ಮ ಮನೀ ಡಬ್ಬಿ. ಖಾಲಿ ಇದ್ರೂ ನಡೀತೈತಿ."